ವಿಎಸ್ ಕೋಡ್ ಬಿಟ್ಟರೆ ಯಾವ ಎಡಿಟರ್? ಹಳೆಯ ಲ್ಯಾಪ್‌ಟಾಪ್, ಕನ್ನಡ ಪಠ್ಯ, ಕೈಕೊಡುವ ಕರೆಂಟು ಇವುಗಳ ನಡುವೆ ಒಂದು ಹೋಲಿಕೆ

ಪ್ರೋಗ್ರಾಂ ಬರೆಯಲು ಎಡಿಟರ್ ಹುಡುಕುವವರ ಕಣ್ಣಿಗೆ ಬೀಳುವ ಹೋಲಿಕೆಗಳಲ್ಲಿ ಬಹುಪಾಲು ಮೂರು ಸಂಗತಿಗಳನ್ನು ನಂಬಿಕೊಂಡೇ ಹೊರಡುತ್ತವೆ: ಯಂತ್ರ ಹೊಸದು, ಕರೆಂಟು ಹೋಗುವುದಿಲ್ಲ, ಫೈಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರವಿಲ್ಲ. ಭಾನುವಾರ ನನ್ನ ಮನೆಗೆ ಪಾಠಕ್ಕೆ ಬರುವ ಮಕ್ಕಳ ಪಾಲಿಗೆ ಈ ಮೂರೂ ಸುಳ್ಳು. ಹಾನಗಲ್ಲಿನಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿನಿಯೊಬ್ಬಳ ಬಳಿ ಇರುವುದು ಅಣ್ಣ ಬಳಸಿ ಬಿಟ್ಟ, 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. “ಅಕ್ಕೋರೇ, ವಿಎಸ್ ಕೋಡ್ ತೆರೆದರೆ ಬ್ರೌಸರ್ ಮುಚ್ಚಬೇಕು, ಬ್ರೌಸರ್ ತೆರೆದರೆ ಕೋಡ್ ಮುಚ್ಚಬೇಕು. ಎರಡೂ ಒಟ್ಟಿಗೆ ಓಡುವ ದಾರಿ ಹೇಳಿರಿ” ಎಂದು ಅವಳು ಕೇಳಿದಳು. ಅವಳಿಗೆ ಉತ್ತರ ಹೇಳಲು ಹೋಗಿ ಈ ಹೋಲಿಕೆ ಬೆಳೆಯಿತು.

ವಾರದ ಉಳಿದ ದಿನ ನಾನು ಚಿಗರಿ ಬಸ್ ಹಿಡಿದು ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗುತ್ತೇನೆ. ಅಲ್ಲಿನ ಸಣ್ಣ ಕಚೇರಿಯೊಂದರಲ್ಲಿ ಕೆಲಸ. ಕನ್ನಡದ ವಿಳಾಸಪಟ್ಟಿ, ರಸೀದಿ, ವರದಿಗಳನ್ನು ಸಂಭಾಳಿಸುವ ಪ್ರೋಗ್ರಾಂ ಬರೆಯುವುದೇ ನನ್ನ ಅನ್ನ. ಆದ್ದರಿಂದ ಕನ್ನಡವನ್ನು ಎಡಿಟರ್ ಹೇಗೆ ನಡೆಸಿಕೊಳ್ಳುತ್ತದೆ ಎಂಬುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ವಿಎಸ್ ಕೋಡ್ ಯಾಕೆ ಭಾರ ಎಂಬುದನ್ನು ತಿಳಿದುಕೊಳ್ಳಬೇಕು. ಈ ಎಡಿಟರನ್ನು ಮೈಕ್ರೋಸಾಫ್ಟ್ 2015ರಲ್ಲಿ ಪ್ರಕಟಿಸಿತು. ಅದು ನಿಂತಿರುವುದು ಎಲೆಕ್ಟ್ರಾನ್ ಎಂಬ ತಳಹದಿಯ ಮೇಲೆ. ಎಲೆಕ್ಟ್ರಾನ್ ಒಳಗೆ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಇದೆ, ಅಂದರೆ ಎಡಿಟರ್ ತೆರೆದಾಗಲೆಲ್ಲ ಇನ್ನೊಂದು ಬ್ರೌಸರನ್ನೇ ತೆರೆದಂತೆ. ಅದರ ಮೇಲೆ ಹೆಚ್ಚಿನ ಸೌಲಭ್ಯ ಕೂಡಿಸುವ ಎಕ್ಸ್‌ಟೆನ್ಷನ್‌ಗಳು, ಪ್ರೋಗ್ರಾಮಿನ ಭಾಷೆಯನ್ನು ಅರ್ಥ ಮಾಡಿಕೊಂಡು ತಪ್ಪು ತೋರಿಸುವ ಭಾಷಾ ಸರ್ವರ್‌ಗಳು ಬೇರೆ ಬೇರೆಯಾಗಿ ಓಡುತ್ತವೆ. 4 ಜಿಬಿಯ ಯಂತ್ರದಲ್ಲಿ ವಿಂಡೋಸ್, ಬ್ರೌಸರ್ ಮತ್ತು ಇದು ಮೂರೂ ಸೇರಿದರೆ ಉಸಿರಾಡಲು ಜಾಗವಿಲ್ಲ. ಆ ಹುಡುಗಿಯ ದೂರು ನೂರಕ್ಕೆ ನೂರು ಸರಿ.

ಯಂತ್ರದಲ್ಲಿ 8 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್ ಇದ್ದು, ಕೆಲಸ ಸುಗಮವಾಗಿ ಸಾಗುತ್ತಿದ್ದರೆ ಎಡಿಟರ್ ಬದಲಿಸಬೇಡಿ ಎಂದೇ ನಾನು ಹೇಳುತ್ತೇನೆ. ಬಳಕೆಯ ಮಾಹಿತಿ ಕಂಪನಿಗೆ ಹೋಗುವುದು ಬೇಡ ಎನ್ನುವವರಿಗೆ ವಿಎಸ್‌ಕೋಡಿಯಂ ಇದೆ. ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ ಪರವಾನಗಿಯಲ್ಲಿ ಮುಕ್ತವಾಗಿದೆ, ಆದರೆ ಮೈಕ್ರೋಸಾಫ್ಟ್ ಕಟ್ಟಿ ಕೊಡುವ ಪ್ರತಿಗೆ ಬೇರೆಯದೇ ಪರವಾನಗಿ. ಅದೇ ಮೂಲದಿಂದ ಮಾಹಿತಿ ರವಾನೆಯನ್ನು ತೆಗೆದು ಕಟ್ಟಿದ್ದು ವಿಎಸ್‌ಕೋಡಿಯಂ. ಒಂದು ತೊಡಕಿದೆ: ಪೈಥಾನ್‌ಗೆ ಬೇಕಾದ ಪೈಲ್ಯಾನ್ಸ್‌ನಂಥ ಮೈಕ್ರೋಸಾಫ್ಟ್‌ನ ಕೆಲವು ಎಕ್ಸ್‌ಟೆನ್ಷನ್‌ಗಳನ್ನು ಅಲ್ಲಿ ಬಳಸಲು ಪರವಾನಗಿ ಒಪ್ಪುವುದಿಲ್ಲ. ಭಾರದ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಆಂಡ್ರಾಯ್ಡ್ ಆ್ಯಪ್ ಮಾಡುವವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಆಂಡ್ರಾಯ್ಡ್ ಸ್ಟುಡಿಯೋವನ್ನೇ ಬಳಸಬಹುದು, ಆ ಕೆಲಸಕ್ಕೆ ಬೇರೆ ಎಡಿಟರ್ ಹಚ್ಚಿಕೊಂಡು ಒದ್ದಾಡುವುದು ವ್ಯರ್ಥ.

ಹಗುರವಾದವುಗಳಲ್ಲಿ ನಾನು ಆ ಹುಡುಗಿಗೆ ಹಾಕಿಕೊಟ್ಟದ್ದು ಗೀನಿ. ಹಳೆಯ ಯಂತ್ರದಲ್ಲೂ ಒತ್ತಿದ ಕೂಡಲೇ ತೆರೆದುಕೊಳ್ಳುತ್ತದೆ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಇದೆ. ಸಿ ಪ್ರೋಗ್ರಾಂ ಬರೆದು ಎಫ್9 ಒತ್ತಿದರೆ ಕಂಪೈಲ್ ಆಗಿ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬಂದು ಸಿದ್ಧವಾಗುತ್ತದೆ, ಎಫ್5 ಒತ್ತಿದರೆ ಓಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಟರ್ಬೋ ಸಿ++ ಎಂಬ ಹಳೆಯ ತಂತ್ರಾಂಶದ ನೀಲಿ ಪರದೆಯ ಮುಂದೆ ಕುಳಿತು ಬಂದ ಮಕ್ಕಳಿಗೆ ಈ ಕ್ರಮ ಬೇಗ ಕೈಗೆ ಹತ್ತುತ್ತದೆ. ಟರ್ಬೋ ಸಿ++ ಬಂದದ್ದು 1990ರಲ್ಲಿ, ಸಿ++ಗೆ ಮೊದಲ ಅಧಿಕೃತ ಮಾನದಂಡ ಬಂದದ್ದು 1998ರಲ್ಲಿ. ಹಾಗಾಗಿ ಅಲ್ಲಿ ಕಲಿತ ಕೆಲವು ಹೆಡರ್ ಫೈಲುಗಳ ಹೆಸರು, ಪರದೆ ಒರೆಸುವ ಕಮಾಂಡು ಇಂದಿನ ಕಂಪೈಲರ್‌ಗಳಲ್ಲಿ ನಡೆಯುವುದಿಲ್ಲ. ಮಕ್ಕಳು ತಪ್ಪು ತಮ್ಮದೇ ಎಂದುಕೊಂಡು ಕುಗ್ಗುತ್ತಾರೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗೀನಿಯ ಜೊತೆಗೆ ಹೊಸ ಜಿಸಿಸಿ ಕಂಪೈಲರ್ ಹಾಕಿಕೊಂಡು ಅದೇ ವಾರ ಅವಳು ಲ್ಯಾಬಿನ ಪ್ರೋಗ್ರಾಂಗಳನ್ನು ತಿದ್ದಿಕೊಂಡಳು, ಪಕ್ಕದಲ್ಲಿ ಬ್ರೌಸರ್ ತೆರೆದಿಟ್ಟುಕೊಂಡೇ. ಗೀನಿ ವಿಎಸ್ ಕೋಡಿನಷ್ಟು ಆಳವಾಗಿ ಕೋಡನ್ನು ಅರ್ಥ ಮಾಡಿಕೊಳ್ಳುವುದಿಲ್ಲ, ಎಲ್ಲವನ್ನೂ ತಾನೇ ಪೂರ್ತಿ ಮಾಡಿ ಕೊಡುವುದಿಲ್ಲ. ಕಲಿಯುವವರಿಗೆ ಅದು ಕೊರತೆ ಎಂದು ನನಗೆ ಅನಿಸಿಲ್ಲ.

ಆ ಸಾಲಿನಲ್ಲಿ ಇನ್ನೂ ಮೂರಿವೆ. ಕೇಟ್ ಎಂಬುದು ಮುಕ್ತ ತಂತ್ರಾಂಶ ಕಟ್ಟುವ ಕೆಡಿಇ ಸಮುದಾಯದ ಎಡಿಟರ್. ಭಾಷಾ ಸರ್ವರ್‌ಗಳೊಡನೆ ಮಾತನಾಡುವ ಶಕ್ತಿ ಅದರಲ್ಲೇ ಇದೆ, ಆದ್ದರಿಂದ ಗೀನಿಯಿಂದ ಒಂದು ಮೆಟ್ಟಿಲು ಮೇಲೆ ಹತ್ತಬೇಕೆನ್ನುವವರಿಗೆ ಒಳ್ಳೆಯದು. ನೋಟ್‌ಪ್ಯಾಡ್++ 2003ರಿಂದ ಇದೆ, ವಿಂಡೋಸ್‌ಗೆ ಮಾತ್ರ. ಸಬ್ಲೈಮ್ ಟೆಕ್ಸ್ಟ್ 2008ರಲ್ಲಿ ಬಂದದ್ದು, ದೊಡ್ಡ ದೊಡ್ಡ ಫೈಲುಗಳನ್ನು ತೆರೆಯುವುದರಲ್ಲಿ ಚುರುಕು. ಆದರೆ ಪರವಾನಗಿಗೆ 99 ಡಾಲರ್. ಕೊಳ್ಳದೆಯೂ ಕಾಲಮಿತಿಯಿಲ್ಲದೆ ಪರೀಕ್ಷಿಸಿ ನೋಡಬಹುದು ಎಂದು ಕಂಪನಿಯೇ ಬಿಟ್ಟಿದೆ, ಆದರೂ ದುಡಿಮೆಗೆ ಬಳಸುವವರು ಹಣ ಕೊಟ್ಟೇ ಬಳಸಬೇಕು ಎಂಬುದು ನನ್ನ ನಿಲುವು. ಮಕ್ಕಳು ಥೀಮ್ ನೋಡಿ ಎಡಿಟರ್ ಆರಿಸುವುದನ್ನು ಕಂಡಾಗ ಒಂದು ಮಾತು ಹೇಳುತ್ತೇನೆ: ಬಣ್ಣ ನೋಡಿ ಕೊಳ್ಳಬೇಕಾದದ್ದು ಬ್ಯಾಡಗಿ ಮೆಣಸಿನಕಾಯಿ. ಥೀಮ್‌ಗಳು ಎಲ್ಲ ಎಡಿಟರ್‌ಗಳಲ್ಲೂ ಸಿಗುತ್ತವೆ.

ಇನ್ನು ಕನ್ನಡದ ವಿಷಯ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಒಂದು ಮುದ್ರಣಾಲಯದವರು ತಮ್ಮ ಗಿರಾಕಿಗಳ ವಿಳಾಸಗಳನ್ನು ರಸ್ತೆವಾರು ವಿಂಗಡಿಸಿ ಕೊಡಿ ಎಂದು ಕೇಳಿದ್ದರು, ಕ್ಯಾಲೆಂಡರ್ ಹಂಚುವ ಹುಡುಗರಿಗೆ ಕೊಡುವ ಪಟ್ಟಿ. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದೆ. ಓಡಿಸಿದರೆ ‘ಸ್ಟೇಷನ್ ರೋಡ್’ ಎರಡು ಸಲ ಬಂತು. ಒಂದರ ಕೆಳಗೆ 38 ವಿಳಾಸ, ಇನ್ನೊಂದರ ಕೆಳಗೆ 9. ಎರಡೂ ಹೆಸರನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ಕೊನೆಯ ಖಾಲಿ ಜಾಗ ಕತ್ತರಿಸಿದೆ, ಆದರೂ ಎರಡು. ಸಂಜೆಯವರೆಗೆ ತಪ್ಪು ನನ್ನ ಪ್ರೋಗ್ರಾಮಿನಲ್ಲೇ ಇದೆ ಎಂದು ಹುಡುಕಿದೆ. ಕೊನೆಗೆ ಫೈಲನ್ನು ವಿಮ್ ಎಂಬ ಹಳೆಯ ಎಡಿಟರಿನಲ್ಲಿ ತೆರೆದಾಗ ಆ 9 ಸಾಲುಗಳಲ್ಲಿ ಮಾತ್ರ ‘ರೋಡ್’ ಪದದ ಬಾಲಕ್ಕೆ ಕೋನದ ಆವರಣದೊಳಗೆ ‘200ಸಿ’ ಎಂದು ಅಂಟಿಕೊಂಡಿತ್ತು.

ಅದು ಸೊನ್ನೆ ಅಗಲದ ಒಂದು ಅಕ್ಷರ, ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಅದರ ಸಂಕೇತ 200ಸಿ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಾಗಿ ಕೆಳಗಿಳಿಯದಂತೆ ತಡೆಯಲು ‘ಟ್’ ಆದ ಮೇಲೆ ಅದನ್ನು ಹಾಕುತ್ತೇವೆ. ಬೆರಳಚ್ಚು ಮಾಡುವವರಿಗೆ ಕೈ ರೂಢಿಯಾಗಿ, ಅರ್ಧಾಕ್ಷರ ಬಂದ ಕಡೆಯಲ್ಲೆಲ್ಲ, ಪದದ ಕೊನೆಯಲ್ಲೂ ಬಿದ್ದುಬಿಡುತ್ತದೆ. ಕಣ್ಣಿಗೆ ಏನೂ ಇಲ್ಲ, ಕಂಪ್ಯೂಟರಿಗೆ ಅದು ಬೇರೆಯೇ ಪದ. ಅದರ ಅಣ್ಣ ತಮ್ಮನಂಥ ಇನ್ನೊಂದು ಅಕ್ಷರ, ಯೂನಿಕೋಡ್‌ನ 200ಡಿ, ಈ ಬರಹದಲ್ಲಿಯೇ ಇದೆ: ‘ರ‍್ಯಾಮ್’ ಎಂದು ಬರೆಯಲು ರಕಾರದ ಪಕ್ಕ ಅದು ಬೇಕು, ಇಲ್ಲದಿದ್ದರೆ ‘ರ್ಯಾಮ್’ ಎಂದು ಅರ್ಕಾವೊತ್ತು ಬಂದುಬಿಡುತ್ತದೆ. ಅಂದರೆ ಇವನ್ನು ಕಸವೆಂದು ಸಾರಾಸಗಟಾಗಿ ಅಳಿಸುವಂತೆಯೂ ಇಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ನೋಡಿ ನಿರ್ಧರಿಸಬೇಕು. ನೋಡಲು ಎಡಿಟರ್ ತೋರಿಸಬೇಕು.

ಆವತ್ತಿನಿಂದ ಯಾವ ಹೊಸ ಎಡಿಟರ್ ಬಂದರೂ ನಾನು ಒಂದು ಪುಟ್ಟ ಫೈಲನ್ನು ತೆರೆದು ನೋಡುತ್ತೇನೆ. ಅದರಲ್ಲಿ ‘ಸ್ತ್ರೀ’ ಮತ್ತು ‘ರಾಷ್ಟ್ರ’ ಇವೆ, ಎರಡು ಬಗೆಯ ‘ರ‍್ಯಾಮ್’, ‘ರ್ಯಾಮ್’ ಇವೆ, ಬಾಲವಿರುವ ಮತ್ತು ಬಾಲವಿಲ್ಲದ ‘ರೋಡ್’ ಇವೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯೂನಿಕೋಡ್‌ಗೆ ಅದು 6 ಸಂಕೇತ, ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 18 ಬೈಟ್. ಬಾಣದ ಕೀಲಿ ಒತ್ತಿದರೆ ಕರ್ಸರ್ ಒಂದೇ ನೆಗೆತಕ್ಕೆ ಅದನ್ನು ದಾಟುತ್ತದೆಯೇ, ಬ್ಯಾಕ್‌ಸ್ಪೇಸ್ ಒತ್ತಿದರೆ ಏನು ಉಳಿಯುತ್ತದೆ, ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆಯೇ ಎಂದು ನೋಡುತ್ತೇನೆ. ‘ರೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು. ಆ ಎರಡೂ ಬಗೆಗಳನ್ನು ಇಟ್ಟಿದ್ದೇನೆ. ಎನ್‌ಎಫ್‌ಸಿ ಎಂಬ, ಬೇರೆ ಬೇರೆ ಬಗೆಯ ಬರವಣಿಗೆಯನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನದಿಂದ ಇವು ಒಂದಾಗುತ್ತವೆ, ಸೊನ್ನೆ ಅಗಲದ ಅಕ್ಷರಗಳು ಮಾತ್ರ ಅದಕ್ಕೂ ಜಗ್ಗುವುದಿಲ್ಲ.

ಈ ಪರೀಕ್ಷೆಯಲ್ಲಿ ಅಂದದ ಅಂಕ ವಿಎಸ್ ಕೋಡ್‌ಗೆ. ಕ್ರೋಮಿಯಂ ಭಾರವೆಂದು ಬೈದದ್ದು ನಿಜ, ಕನ್ನಡವನ್ನು ಚೆನ್ನಾಗಿ ಬಿಡಿಸುವುದೂ ಅದೇ. ಅಗೋಚರ ಅಕ್ಷರಗಳಿಗೆ ಗೆರೆ ಹಾಕಿ ತೋರಿಸುವ ಸೌಲಭ್ಯವೂ 2021ರ ಕೊನೆಯಿಂದ ಅದರಲ್ಲಿದೆ, ಸೆಟ್ಟಿಂಗ್‌ನಲ್ಲಿ ಆನ್ ಇದೆಯೇ ಎಂದು ನೋಡಿಕೊಳ್ಳಬೇಕು. ನನ್ನ ಯಂತ್ರದಲ್ಲಿ ಹಿಂದೆಂದೋ ನಾನೇ ಅದನ್ನು ಆಫ್ ಮಾಡಿದ್ದೆ. ಸಾಲು ಸಾಲಾಗಿ ಲಂಬ ಆಯ್ಕೆ ಮಾಡಲು ಹೋದರೆ ಮಾತ್ರ ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇಲ್ಲದ್ದರಿಂದ ಆಯ್ಕೆ ಸೊಟ್ಟಗಾಗುತ್ತದೆ.

ನೋಟ್‌ಪ್ಯಾಡ್++ನ ಹೊಸ ಆವೃತ್ತಿಗಳಲ್ಲೂ ಮುದ್ರಣವಾಗದ ಅಕ್ಷರಗಳನ್ನು ತೋರಿಸುವ ಮೆನು ಇದೆ. ಅಲ್ಲಿ ಎಚ್ಚರ ವಹಿಸಬೇಕಾದ ಜಾಗ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ. ಕನ್ನಡವಿರುವ ಫೈಲನ್ನು ಎಎನ್‌ಎಸ್‌ಐ ಎಂಬ ಹಳೆಯ ಕ್ರಮಕ್ಕೆ ಬದಲಿಸಿ ಉಳಿಸಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ, ಮತ್ತೆ ಬರುವುದಿಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯವಂತೂ ಯೂನಿಕೋಡೇ ಅಲ್ಲ. ಅದನ್ನು ಮೊದಲು ಪರಿವರ್ತಿಸದೆ ಯಾವ ಎಡಿಟರಿನಲ್ಲಿ ತೆರೆದರೂ ಇಂಗ್ಲಿಷ್ ಅಕ್ಷರಗಳ ರಾಶಿಯೇ ಕಾಣುತ್ತದೆ.

ವಿಮ್ ಸತ್ಯ ಹೇಳುತ್ತದೆ, ಚಂದ ಹೇಳುವುದಿಲ್ಲ. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನೊಳಗೆ ಓಡುವುದರಿಂದ ಕನ್ನಡದ ಅಂದ ಟರ್ಮಿನಲ್‌ನ ಕೈಯಲ್ಲಿರುತ್ತದೆ, ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಮುರಿದು ಬೀಳುತ್ತದೆ. ಆದರೆ ಕರ್ಸರ್ ಇಟ್ಟು ಜಿ, ಎ ಎಂಬ ಎರಡು ಕೀಲಿ ಒತ್ತಿದರೆ ಅಲ್ಲಿರುವ ಸಂಕೇತಗಳ ಸಂಖ್ಯೆಯನ್ನೂ, ಜಿ, 8 ಒತ್ತಿದರೆ ಬೈಟುಗಳನ್ನೂ ಹಾಗೆಯೇ ಹೇಳಿಬಿಡುತ್ತದೆ. ಗದಗಿನ ಪಟ್ಟಿಯಂಥ ಕೆಲಸ ಬಂದಾಗ ನಾನು ಈಗಲೂ ಮೊದಲು ತೆರೆಯುವುದು ಅದನ್ನೇ.

ಕನ್ನಡವನ್ನೇ ಹೆಚ್ಚು ಟೈಪ್ ಮಾಡುವವರಿಗೆ ವಿಮ್‌ನಲ್ಲಿ ಇನ್ನೊಂದು ಗೋಳಿದೆ. ಅದರಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಬರೆದು ಮುಗಿಸಿ ಆಜ್ಞೆಗೆ ಮರಳಿದಾಗ ಕೀಲಿಮಣೆ ಇನ್ನೂ ಕನ್ನಡದಲ್ಲೇ ಇದ್ದರೆ, ಸಾಲು ಅಳಿಸಲು ಡಿ ಕೀಲಿಯನ್ನು ಎರಡು ಸಲ ಒತ್ತಿದರೂ ವಿಮ್‌ಗೆ ಕೇಳಿಸುವುದು ‘ದ ದ’. ಪ್ರತಿ ಸಲ ಕೀಲಿಮಣೆ ಬದಲಿಸಬೇಕು. ಇಲ್ಲಿ ಗೆಲ್ಲುವುದು ಇಮ್ಯಾಕ್ಸ್ ಎಂಬ ಇನ್ನೊಂದು ಹಳೆಯ ಎಡಿಟರ್. ಕನ್ನಡ ಬರೆಯುವ ವಿಧಾನ ಅದರ ಒಳಗೇ ಇದೆ, ಐಟ್ರಾನ್ಸ್ (ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವುದು) ಮತ್ತು ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿಮಣೆ) ಎಂಬ ಎರಡು ವಿನ್ಯಾಸಗಳಲ್ಲಿ. ಕಂಟ್ರೋಲ್ ಜೊತೆ ಹಿಂಓರೆಗೆರೆ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಆಜ್ಞೆಗಳಿಗೆ ಅದರಿಂದ ತೊಂದರೆಯಿಲ್ಲ. 2020ರ 27.1ನೇ ಆವೃತ್ತಿಯಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುವುದರಿಂದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಇಮ್ಯಾಕ್ಸ್ ಕಲಿಯಲು ತಾಳ್ಮೆ ಬೇಕು, ಬೆರಳಿಗೆ ಕಸರತ್ತು ಬೇಕು. 1985ರಿಂದ ಬಂದಿರುವ ಗ್ನೂ ಇಮ್ಯಾಕ್ಸ್‌ನ ಮೂಲೆ ಮೂಲೆ ತಿಳಿದವರು ಯಾರೂ ಇರಲಾರರು. ಆದರೆ ಕನ್ನಡದಲ್ಲಿ ಕಾಮೆಂಟ್, ಕನ್ನಡದಲ್ಲಿ ಸಂದೇಶ, ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತ ದಿನ ಕಳೆಯುವವರಿಗೆ ಅದಕ್ಕಿಂತ ಒಳ್ಳೆಯ ಮನೆ ನಾನು ಕಂಡಿಲ್ಲ. ನನ್ನ ಸ್ವಂತ ಆಯ್ಕೆ ಅದೇ.

ಕರೆಂಟಿನ ಲೆಕ್ಕ. ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮುಂದೆ ಕುಳಿತವರ ಎದೆ ಹೊಡೆದುಕೊಳ್ಳುತ್ತದೆ. ವಿಮ್ ಪಕ್ಕದಲ್ಲೊಂದು ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲನ್ನು ಇಟ್ಟುಕೊಂಡು, 200 ಅಕ್ಷರ ಬರೆದಾಗ ಅಥವಾ ಕೈ 4 ಸೆಕೆಂಡ್ ನಿಂತಾಗ ಅದಕ್ಕೆ ಬರೆದಿಡುತ್ತದೆ. ಇಮ್ಯಾಕ್ಸ್ ತಾನಾಗಿ ಉಳಿಸುವುದು 300 ಕೀಲಿಗಳಿಗೊಮ್ಮೆ ಅಥವಾ 30 ಸೆಕೆಂಡ್ ಸುಮ್ಮನಿದ್ದಾಗ. ಆ 30ನ್ನು ನಾನು 5ಕ್ಕೆ ಇಳಿಸಿಕೊಂಡಿದ್ದೇನೆ. ನೋಟ್‌ಪ್ಯಾಡ್++ 7 ಸೆಕೆಂಡಿಗೊಮ್ಮೆ ಪ್ರತಿ ತೆಗೆದಿಡುತ್ತದೆ. ವಿಎಸ್ ಕೋಡ್ ಮತ್ತು ಸಬ್ಲೈಮ್ ಕೂಡ ಉಳಿಸದ ಬರಹವನ್ನು ಕಾಪಾಡಿ ಮರಳಿ ತೋರಿಸುತ್ತವೆ. ಗೀನಿಯಲ್ಲಿ ಇದಕ್ಕಾಗಿ ಪ್ಲಗಿನ್ ಆನ್ ಮಾಡಬೇಕು. ಟೂಲ್ಸ್ ಮೆನುವಿನ ಪ್ಲಗಿನ್ ಪಟ್ಟಿಯಲ್ಲಿ ‘ಸೇವ್ ಆ್ಯಕ್ಷನ್ಸ್’ ಎಂಬುದನ್ನು ಆರಿಸಿ ತಾನಾಗಿ ಉಳಿಸುವ ಆಯ್ಕೆಗೆ ಟಿಕ್ ಮಾಡಿಕೊಳ್ಳಿ. ಆ ಹುಡುಗಿಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ಆದ್ದರಿಂದ ಮೊದಲ ದಿನವೇ ಅದನ್ನು ಮಾಡಿಕೊಟ್ಟೆ.

ದೂರದ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುವ ಹುಬ್ಬಳ್ಳಿಯ ಸಹೋದ್ಯೋಗಿಗಳಿಗೆ ನನ್ನ ಮಾತು ಚಿಕ್ಕದು: ವಿಮ್‌ನ ಇಪ್ಪತ್ತು ಆಜ್ಞೆಗಳನ್ನಾದರೂ ಕಲಿತಿರಿ. ಅದರ ಹಿರಿಯ ವಿಐ ಹೆಚ್ಚುಕಡಿಮೆ ಪ್ರತಿ ಯುನಿಕ್ಸ್ ಯಂತ್ರದಲ್ಲೂ ಇರುತ್ತದೆ. ವಿಎಸ್ ಕೋಡ್‌ನಿಂದಲೂ ದೂರದ ಫೈಲು ತೆರೆಯಬಹುದು, ಆದರೆ ಅದು ಆ ಕಡೆಯಲ್ಲಿ ತನ್ನದೊಂದು ಸರ್ವರ್ ಸ್ಥಾಪಿಸಿಕೊಳ್ಳುತ್ತದೆ, ಅದಕ್ಕೂ ಕನಿಷ್ಠ 1 ಜಿಬಿ ಮೆಮೊರಿ ಬೇಕು. ತೀರಾ ಅಗ್ಗದ ಬಾಡಿಗೆ ಸರ್ವರ್‌ಗಳಲ್ಲಿ ಕೆಲವೊಮ್ಮೆ ಅಷ್ಟು ಇರುವುದಿಲ್ಲ. ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠ ಅರ್ಧ ಗಂಟೆಯದು. ವಿಮ್ ಅನ್ನು 1991ರಲ್ಲಿ ಹೊರತಂದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ತಂತ್ರಾಂಶಕ್ಕೆ ದುಡ್ಡು ಕೇಳದೆ, ಕೊಡುವ ಮನಸ್ಸಿದ್ದರೆ ಉಗಾಂಡದ ಮಕ್ಕಳಿಗೆ ಕೊಡಿ ಎಂದವರು ಅವರು. ಫೈಲಿಲ್ಲದೆ ವಿಮ್ ತೆರೆದಾಗ ಆ ಮಕ್ಕಳ ಕುರಿತ ಸಾಲು ಪರದೆಯ ಮೇಲೆ ಕಂಡರೆ ನಾನು ಒಂದು ಕ್ಷಣ ಓದಿಯೇ ಮುಂದೆ ಹೋಗುತ್ತೇನೆ. 2014ರಲ್ಲಿ ವಿಮ್‌ನಿಂದ ಕವಲೊಡೆದ ನಿಯೋವಿಮ್, ಲುವಾ ಭಾಷೆಯಲ್ಲಿ ಬೇಕಾದಂತೆ ಒಗ್ಗಿಸಿಕೊಳ್ಳುವವರಿಗೆ. ಒಗ್ಗಿಸುವುದರಲ್ಲೇ ವಾರಗಟ್ಟಲೆ ಕಳೆಯುವವರನ್ನು ಕಂಡಿದ್ದೇನೆ. ಅಷ್ಟು ಸಮಯವಿಲ್ಲದವರು ಹೀಲಿಕ್ಸ್ ನೋಡಬಹುದು, ಭಾಷಾ ಸರ್ವರ್ ಬೆಂಬಲ ಮೊದಲೇ ಜೋಡಿಸಿ ಬರುತ್ತದೆ. ಅಲ್ಲಿ ಮೊದಲು ಆಯ್ಕೆ, ಆಮೇಲೆ ಕ್ರಿಯೆ. ವಿಮ್‌ಗೆ ಕೈ ಪಳಗಿದವರಿಗೆ ಇದು ತಿರುಗುಮುರುಗು.

ಜೆಡ್ ಎಂಬ ಹೊಸ ಎಡಿಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಿಟ್‌ಹಬ್‌ನ ಆ್ಯಟಂ ಎಡಿಟರ್ ಕಟ್ಟಿದವರೇ ರಸ್ಟ್ ಭಾಷೆಯಲ್ಲಿ ಕಟ್ಟಿದ್ದು, 2024ರ ಜನವರಿಯಲ್ಲಿ ಮೂಲವನ್ನು ಮುಕ್ತಗೊಳಿಸಿದರು. ಎಲೆಕ್ಟ್ರಾನ್ ಹುಟ್ಟಿದ್ದೇ ಆ್ಯಟಂಗಾಗಿ. ಆ್ಯಟಂ 2022ರ ಡಿಸೆಂಬರ್ 15ಕ್ಕೆ ನಿಂತಿತು, ಅದರ ಭಾರ ಹೊತ್ತು ಅನುಭವಿಸಿದವರೇ ಹಗುರವಾದದ್ದನ್ನು ಮಾಡಹೊರಟರು. ಗ್ರಾಫಿಕ್ಸ್ ಚಿಪ್‌ನ ನೆರವಿನಿಂದ ಪರದೆ ಬಿಡಿಸುವ ಜೆಡ್ ಹೊಸ ಯಂತ್ರದಲ್ಲಿ ಮಿಂಚು, ಚಿಪ್ ತೀರಾ ಹಳೆಯದಾದರೆ ಅದೇ ಅಡ್ಡಿ. ಕರ್ಸರ್ ಎಂಬ ಎಐ ಎಡಿಟರ್ ವಿಎಸ್ ಕೋಡ್‌ನದೇ ಕವಲು. ಭಾರವೂ ಅದರದ್ದೇ, ನೆಟ್ ಇಲ್ಲದಾಗ ಅದರ ವಿಶೇಷವೂ ಇಲ್ಲ. ಮೊದಲ ವರ್ಷ ಪ್ರೋಗ್ರಾಂ ಕಲಿಯುವ ಮಕ್ಕಳಿಗೆ ನಾನು ಅದನ್ನು ಕೊಡುವುದಿಲ್ಲ.

ಬದಲಿಸಲು ಹೊರಟವರು ಹಳೆಯದನ್ನು ಅಳಿಸಬೇಡಿ. ಎರಡು ವಾರ, ಒಂದೇ ಒಂದು ಕೆಲಸವನ್ನು ಮಾತ್ರ ಹೊಸ ಎಡಿಟರಿನಲ್ಲಿ ಮಾಡಿ. ಕಚೇರಿಯಲ್ಲಿ ಒಬ್ಬೊಬ್ಬರದು ಒಂದೊಂದು ಎಡಿಟರ್ ಆದರೆ ಜಗಳ ಬರುವುದು ಸಾಲಿನ ಆರಂಭದ ಖಾಲಿ ಜಾಗಕ್ಕೆ ಮತ್ತು ಎನ್‌ಕೋಡಿಂಗ್‌ಗೆ. ಅದಕ್ಕೆ ಎಡಿಟರ್‌ಕಾನ್ಫಿಗ್ ಎಂಬ ಪುಟ್ಟ ಫೈಲನ್ನು ಪ್ರಾಜೆಕ್ಟಿನ ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿಟ್ಟು, ಖಾಲಿ ಜಾಗ ಎಷ್ಟು, ಅಕ್ಷರ ಯುಟಿಎಫ್-8 ಎಂದು ಬರೆದಿಡಿ. ನಿಯೋವಿಮ್ 0.9ರಿಂದ ಅದನ್ನು ತಾನಾಗಿ ಓದುತ್ತದೆ, ವಿಎಸ್ ಕೋಡ್‌ಗೆ ಒಂದು ಎಕ್ಸ್‌ಟೆನ್ಷನ್ ಹಾಕಬೇಕು. ನಮ್ಮಲ್ಲಿ ಮೂವರು ಮೂರು ಎಡಿಟರ್ ಬಳಸುತ್ತೇವೆ. ಗದಗಿನ ಪಟ್ಟಿಯ ಪ್ರೋಗ್ರಾಂ ಈ ವರ್ಷವೂ ಓಡಿತು, ಸ್ಟೇಷನ್ ರೋಡ್ ಒಂದೇ ಸಲ ಬಂತು, 47 ವಿಳಾಸಗಳೊಂದಿಗೆ.